ಹಳದಿ ಮೀಟರ್, ಸುಟ್ಟ ತೂತು: ಸ್ಟಾರ್ಟರ್ ಡಬ್ಬಿಯ ಮುಂದೆ ಒಂದು ಇತಿಹಾಸ

ಕೊಪ್ಪಳದಿಂದ ಮಾತಾಡ್ತಿದ್ದೀನಿ.

ನಮ್ಮೂರಲ್ಲಿ ಇತಿಹಾಸ ಅಂದ ತಕ್ಷಣ ಜನ ಗವಿಮಠದ ಬೆಟ್ಟದಲ್ಲಿರೋ ಅಶೋಕನ ಶಾಸನ ತೋರಿಸ್ತಾರೆ. ಇಲ್ಲಾ ಕೋಟೆ ತೋರಿಸ್ತಾರೆ, 1858ರ ಮುಂಡರಗಿ ಭೀಮರಾಯನ ಕಥೆ ಹೇಳ್ತಾರೆ. ಅವೆಲ್ಲ ದೊಡ್ಡ ವಿಷಯಗಳು. ಇವತ್ತು ನನ್ನ ಮೇಜಿನ ಮೇಲಿರೋದು ಅಂಗೈ ಅಗಲದ ಒಂದು ಹಳದಿ ಪ್ಲಾಸ್ಟಿಕ್ ಡಬ್ಬಿ. ನಡುವೆ ಒಂದು ತಿರುಗಣಿ, ಮೇಲೆ ಒಂದು ಸಣ್ಣ ಪರದೆ, ಕೆಳಗೆ ಮೂರು ತೂತು. ಎರಡು ತೂತು ಚೆನ್ನಾಗಿವೆ. ಮೂರನೆಯದು ಕರಕಾಗಿ, ಪ್ಲಾಸ್ಟಿಕ್ ಕರಗಿ, ಬಾಯಿ ಬಿಟ್ಟುಕೊಂಡಿದೆ. ಮೂಸಿ ನೋಡಿದ್ರೆ ಎರಡು ವರ್ಷ ಆದ್ಮೇಲೂ ಸುಟ್ಟ ವಾಸನೆ ಬರುತ್ತೆ.

ಇದು ನಮ್ಮ ಕಾಕಾನ ಮಲ್ಟಿಮೀಟರ್. ಯಲಬುರ್ಗಾ ತಾಲೂಕಿನಲ್ಲಿ ಅವರ ಹೊಲ. ಅಲ್ಲಿ ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಡಬ್ಬಿಯ ಮುಂದೆ ಇದು ಅವರ ಕೈಯಲ್ಲೇ ಸಿಡೀತು. ನಾನು ಬಿ.ಕಾಂ. ಓದಿದವನು. ಕರೆಂಟ್ ಬಗ್ಗೆ ನನಗೆ ಗೊತ್ತಿದ್ದದ್ದು ಬಿಲ್ಲು ಕಟ್ಟೋದು ಮಾತ್ರ. ಆದ್ರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು: 250 ರೂಪಾಯಿಗೆ ಸಿಗೋ ಈ ವಸ್ತು ನಮ್ಮ ಹೊಲದ ತನಕ ಬಂದದ್ದು ಹೇಗೆ? ಆ ಪ್ರಶ್ನೆಯ ಹಿಂದೆ ಹೋಗಿದ್ದೇ ಈ ಸಂಚಿಕೆ.

ಮೊದಲು ಕರೆಂಟ್ ಬರಲಿ, ಆಮೇಲೆ ಮೀಟರ್.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ಕ್ಕೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಇದನ್ನ ನಾವೆಲ್ಲ ಶಾಲೆಯಲ್ಲಿ ಕರ್ನಾಟಕದ ಹೆಮ್ಮೆ ಅಂತ ಬಾಯಿಪಾಠ ಮಾಡಿದವರೇ. ಆದ್ರೆ ಅವತ್ತು ಕೊಪ್ಪಳ ಮೈಸೂರು ಸಂಸ್ಥಾನದಲ್ಲಿ ಇರಲೇ ಇಲ್ಲ ಅನ್ನೋದನ್ನ ಯಾರೂ ಹೇಳಿಕೊಡಲಿಲ್ಲ. ನಾವು ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದೆವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಅಂದ್ರೆ ಮೈಸೂರಿನವರು ಬೀದಿ ದೀಪದ ಕೆಳಗೆ ಓಡಾಡ್ತಿದ್ದಾಗ ನಮ್ಮ ಮುತ್ತಜ್ಜ ಕಂದೀಲಿಗೆ ಎಣ್ಣೆ ಹಾಕ್ತಿದ್ದ. ಹೊಟ್ಟೆಕಿಚ್ಚಲ್ಲ ಇದು, ಲೆಕ್ಕ.

ನಮ್ಮ ಕಡೆ ಲೆಕ್ಕ ಬದಲಾಗಿದ್ದು ತುಂಗಭದ್ರೆಯಿಂದ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ನದಿಯ ಆ ಕಡೆ ಹೊಸಪೇಟೆ, ಈ ಕಡೆ ನಮ್ಮ ಮುನಿರಾಬಾದ್. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಮರುವರ್ಷ ಕೆಇಬಿ ಹುಟ್ಟಿತು. ಮುಂದೆ 1960ರ ದಶಕದಲ್ಲಿ ಮುನಿರಾಬಾದಿನ ಎಡದಂಡೆ ವಿದ್ಯುತ್ ಕೇಂದ್ರ ಶುರುವಾಯ್ತು. 9 ಮೆಗಾವ್ಯಾಟಿನ ಎರಡು ಯಂತ್ರ, 10ರದ್ದು ಒಂದು, ಒಟ್ಟು 28. ಇವತ್ತಿನ ಅಳತೆಗೆ ಸಣ್ಣದು. ಹುಲಿಗೆಮ್ಮನ ಜಾತ್ರೆಗೆ ಹೋಗೋವಾಗ ಅಣೆಕಟ್ಟನ್ನ ನೋಡ್ತೀವಿ, ಪವರ್ ಹೌಸ್ ಕಡೆ ಯಾರೂ ತಿರುಗೋದಿಲ್ಲ.

ಕಾಲುವೆ ಬಂದ ಗಂಗಾವತಿಯಲ್ಲಿ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ದೊಡ್ಡ ದೊಡ್ಡ ಮೋಟಾರು, ಮೋಟಾರಿನ ಹಿಂದೆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್. ಕಾಲುವೆ ಬಾರದ ಕುಷ್ಟಗಿ, ಯಲಬುರ್ಗಾದಲ್ಲಿ ಭೂಮಿ ಒಣಗೇ ಉಳೀತು, ಅಲ್ಲಿ ಜನ ಕೆಳಗೆ ಕೊರೆದರು. ಮೊದಲು ತೆರೆದ ಬಾವಿಗೆ ಮೋಟಾರು, ಆಮೇಲೆ ಬೋರು, ಬೋರಿಗೆ ಸಬ್‌ಮರ್ಸಿಬಲ್. ಗಂಗಾವತಿಯ ಮಿಲ್ಲಿನಲ್ಲಿ ಪ್ಯಾನೆಲ್ ಬೋರ್ಡ್ ನೋಡಿಕೊಳ್ಳೋಕೆ ಸಂಬಳದ ಮನುಷ್ಯ ಇದ್ದ. ಯಲಬುರ್ಗಾದ ಹೊಲದಲ್ಲಿ? ಅದೇ 415 ವೋಲ್ಟು, ಅದೇ ಮೂರು ಫೇಸು, ಆದ್ರೆ ರೈತನೇ ಎಲೆಕ್ಟ್ರಿಷಿಯನ್. ನನ್ನ ಪ್ರಕಾರ ಈ ಸಂಚಿಕೆಯ ಅರ್ಧ ಉತ್ತರ ಈ ಒಂದು ವ್ಯತ್ಯಾಸದಲ್ಲೇ ಇದೆ.

ಹಾಗಾದ್ರೆ ಆಗ ಕರೆಂಟ್ ಬಂದಿದೆಯೋ ಇಲ್ಲವೋ ಅಂತ ನೋಡ್ತಿದ್ದದ್ದು ಹೇಗೆ? ಎರಡು ಸಾಧನ. ಒಂದು, ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಗಿಸಿಕೊಳ್ಳೋ ಟೆಸ್ಟರ್, ಸ್ಕ್ರೂಡ್ರೈವರ್ ಥರದ್ದು. ಅದರೊಳಗೆ ಪುಟ್ಟ ನಿಯಾನ್ ದೀಪ, ಅದರ ಜೊತೆ ದೊಡ್ಡ ರೆಸಿಸ್ಟರ್. ಹಿಂದಿನ ತುದಿಗೆ ಬೆರಳಿಟ್ಟಾಗ ಕರೆಂಟು ದೀಪದ ಮೂಲಕ, ನಿಮ್ಮ ಮೈ ಮೂಲಕ ನೆಲಕ್ಕೆ ಹೋಗುತ್ತೆ. ಹೌದು, ನಿಮ್ಮ ಮೈ ಆ ಸರ್ಕ್ಯೂಟಿನ ಒಂದು ಭಾಗ. ರೆಸಿಸ್ಟರ್ 10 ಲಕ್ಷ ಓಮ್ ಇದ್ದರೆ 230 ವೋಲ್ಟಿಗೆ ಹರಿಯೋದು ಒಂದು ಮಿಲಿ ಆಂಪಿಯರಿನ ಕಾಲು ಭಾಗಕ್ಕಿಂತ ಕಡಿಮೆ, ಅದಕ್ಕೇ ಗೊತ್ತಾಗಲ್ಲ. ಆ ರೆಸಿಸ್ಟರ್ ಕೆಟ್ಟರೆ, ಒಳಗೆ ನೀರು ಹೋದರೆ, ಆಗ ಗೊತ್ತಾಗುತ್ತೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ಕೆಂಪು ಮಿಣುಕು ಕಾಣೋದೂ ಇಲ್ಲ. ಮಿಣುಕಲಿಲ್ಲ ಅಂದ್ರೆ ಕರೆಂಟಿಲ್ಲ ಅಂತ ತಿಳಿದು ಕೈ ಹಾಕಿದವರು ಎಷ್ಟು ಜನರೋ.

ಎರಡನೆಯದು ಟೆಸ್ಟ್ ಲ್ಯಾಂಪ್. ಒಂದು ಹೋಲ್ಡರ್, ಒಂದು ಬಲ್ಬು, ಎರಡು ವೈರು. ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟರೆ ಹೊತ್ತಬೇಕು. ಎರಡು ಫೇಸಿನ ನಡುವೆ ಇಟ್ಟರೆ 230ರ ಬಲ್ಬಿಗೆ 415 ಬೀಳುತ್ತೆ, ಒಡೆಯುತ್ತೆ. ಹಾಗಾಗಿ ಬಲ್ಲವರು ಎರಡು ಬಲ್ಬು ಸೀರೀಸಿನಲ್ಲಿ ಕಟ್ಟಿಕೊಂಡು ಓಡಾಡ್ತಿದ್ದರು. ನಮ್ಮ ಕಾಕಾ ಹಂಗೇ ಮಾಡ್ತಿದ್ದರು. ಆಗೆಲ್ಲ ಅವರ ಮಾತು ಒಂದೇ: "ಬಲ್ಬ್ ಸುಳ್ಳ ಹೇಳಂಗಿಲ್ಲೋ ತಮ್ಮಾ." ಈ ಮಾತನ್ನ ನೆನಪಿಟ್ಕೊಳ್ರಿ, ಮುಂದೆ ಕೆಲಸಕ್ಕೆ ಬರುತ್ತೆ.

ಈಗ ಮೀಟರಿನ ಕಡೆ ಬರೋಣ. ಅದರ ಹುಟ್ಟು ಹೊಲದಲ್ಲೂ ಅಲ್ಲ, ಕಾರ್ಖಾನೆಯಲ್ಲೂ ಅಲ್ಲ. 1882ರಲ್ಲಿ ಸುರುಳಿ ತಿರುಗಿ ಸೂಕ್ಷ್ಮ ಕರೆಂಟನ್ನು ತೋರಿಸೋ ಗ್ಯಾಲ್ವನೋಮೀಟರನ್ನ ರೂಪಿಸಿದ ಫ್ರಾನ್ಸಿನ ದಾರ್ಸೊನ್ವಾಲ್ ಒಬ್ಬ ವೈದ್ಯ. ದೇಹದ ವಿದ್ಯುತ್ತನ್ನ ಅಭ್ಯಾಸ ಮಾಡ್ತಿದ್ದ. ಕೆಲವೇ ವರ್ಷಗಳಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಆ ವಿಚಾರವನ್ನ ಹೊತ್ತೊಯ್ಯಬಹುದಾದ ಗಟ್ಟಿ ಮೀಟರ್ ಮಾಡಿದ. 1888ರಲ್ಲಿ ಕಂಪನಿಯನ್ನೇ ಕಟ್ಟಿದ. ಆದ್ರೆ ವೋಲ್ಟಿಗೆ ಒಂದು ಮೀಟರ್, ಆಂಪಿಯರಿಗೆ ಇನ್ನೊಂದು, ಓಮಿಗೆ ಮತ್ತೊಂದು.

ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಡೊನಾಲ್ಡ್ ಮೆಕಾಡಿ ಅಂತ ಒಬ್ಬ ಎಂಜಿನಿಯರ್. ಅಲ್ಲಿ ಟೆಲಿಫೋನು, ಟೆಲಿಗ್ರಾಫು ಎಲ್ಲ ಅಂಚೆಯವರದ್ದೇ. ಲೈನ್ ರಿಪೇರಿಗೆ ಹೋಗೋವಾಗ ಇಷ್ಟೂ ಮೀಟರ್ ಹೊತ್ತೊಯ್ದು ಅವನಿಗೆ ಸಾಕಾಗಿತ್ತು. ಮೂರನ್ನೂ ಒಂದೇ ಡಬ್ಬಿಗೆ ಹಾಕಿದ. ಆಂಪಿಯರ್, ವೋಲ್ಟ್, ಓಮ್, ಮೂರರ ಮೊದಲಕ್ಷರ ಸೇರಿಸಿ ಆವೋ ಮೀಟರ್ ಅಂತ ಹೆಸರು. 1923ರಲ್ಲಿ ಮಾರುಕಟ್ಟೆಗೆ ಬಂತು, 2008ರ ತನಕ ತಯಾರಾಗ್ತಾ ಇತ್ತು. ಹೊರೆ ಹೊತ್ತವನ ಬೇಸರದಿಂದ ಹುಟ್ಟಿದ ಯಂತ್ರ ಅದು. ಆದ್ರೆ ಮೂರನ್ನ ಒಂದರಲ್ಲಿ ಸೇರಿಸಿದಾಗ ಒಂದು ಹೊಸ ಅಪಾಯವೂ ಸೇರಿಕೊಂಡಿತು. ವೋಲ್ಟ್ ಅಳೆಯೋವಾಗ ಮೀಟರ್ ದೊಡ್ಡ ಗೋಡೆ ಥರ ಇರಬೇಕು, ಕರೆಂಟು ಅದರೊಳಗೆ ಹೆಚ್ಚು ಹೋಗಬಾರದು. ಆಂಪಿಯರ್ ಅಳೆಯೋವಾಗ ಅದೇ ಮೀಟರ್ ತೆರೆದ ಬಾಗಿಲಾಗಬೇಕು, ಎಲ್ಲಾ ಕರೆಂಟು ಅದರ ಮೂಲಕವೇ ಹರೀಬೇಕು. ಗೋಡೆ ಅಂದುಕೊಂಡು ಬಾಗಿಲನ್ನ ಎರಡು ಫೇಸಿನ ನಡುವೆ ಇಟ್ಟರೆ ಅದು ಅಳತೆ ಅಲ್ಲ, ಶಾರ್ಟ್ ಸರ್ಕ್ಯೂಟ್. ಆವೋ ಮಾಡಿದವರಿಗೆ ಇದು ಗೊತ್ತಿತ್ತು. ಮುಂದಿನ ಮಾದರಿಗಳಲ್ಲಿ, 1951ರ ಮಾಡೆಲ್ 8 ಸೇರಿ, ಮುಳ್ಳು ಮಿತಿ ಮೀರಿ ಓಡಿದರೆ ಸರ್ಕ್ಯೂಟನ್ನೇ ಕಡಿಯೋ ಒಂದು ಕಟೌಟ್ ಗುಂಡಿ ಇತ್ತು.

ಭಾರತದಲ್ಲಿ ಈ ಜಾಗ ತುಂಬಿದ್ದು ಮೋಟ್ವಾನೆ. ಇಲ್ಲಿ ಸ್ವಲ್ಪ ದಾರಿ ತಪ್ಪಲಾ? ಕಥೆ ಚೆನ್ನಾಗಿದೆ. 1909ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಶುರುವಾದ ವ್ಯವಹಾರ ಅದು, ಶಿಕಾಗೋ ರೇಡಿಯೋ ಅನ್ನೋ ಹೆಸರಿನ ಅವರ ಲೌಡ್‌ಸ್ಪೀಕರ್‌ಗಳು ಸ್ವಾತಂತ್ರ್ಯ ಹೋರಾಟದ ಸಭೆಗಳಲ್ಲಿ ಮೊಳಗ್ತಿದ್ದವು. 1942ರಲ್ಲಿ ಉಷಾ ಮೆಹ್ತಾ ಮುಂಬೈಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರಲ್ಲ, ಆ ಮೊಕದ್ದಮೆಯಲ್ಲಿ ಆರೋಪಿಯಾಗಿ ನಿಂತು ಖುಲಾಸೆಯಾದವರಲ್ಲಿ ಆ ಮನೆತನದ ನಾನಕ್ ಮೋಟ್ವಾನೆ ಒಬ್ಬರು. ಮುಂದೆ ನಾಸಿಕ್ಕಿನಿಂದ ಬಂದ ಅವರ ಮುಳ್ಳಿನ ಮಲ್ಟಿಮೀಟರ್ ದೇಶದ ಪಾಲಿಟೆಕ್ನಿಕ್, ಐಟಿಐ ಪ್ರಯೋಗಾಲಯಗಳ ಮೇಜು ಸೇರಿತು. ನಿಮ್ಮ ತಂದೆ ಐಟಿಐ ಮಾಡಿದವರಾಗಿದ್ರೆ ಆ ಹೆಸರು ಹೇಳಿ ನೋಡ್ರಿ. ಕನ್ನಡಿ ಪಟ್ಟಿಯ ಮೇಲೆ ಮುಳ್ಳಿನ ನೆರಳು ಸರಿಯಾಗಿ ಕೂಡಿಸಿ ಓದೋದನ್ನ ಅವರು ಇನ್ನೂ ಮರೆತಿರಲ್ಲ.

ಆ ಮೀಟರ್ ಒಣಬೇಸಾಯದ ರೈತನ ಕೈಗೆ ಸಿಗುವಂಥದ್ದಾಗಿರಲಿಲ್ಲ. ದುಬಾರಿ. ಅದನ್ನ ಸಾಧ್ಯ ಮಾಡಿದ್ದು 1970ರ ದಶಕದ ಕೊನೆಯಲ್ಲಿ ಇಂಟರ್‌ಸಿಲ್ ಕಂಪನಿ ತಂದ 7106 ಅನ್ನೋ ಒಂದು ಚಿಪ್ಪು. ವೋಲ್ಟನ್ನ ಅಂಕಿಗೆ ಬದಲಿಸೋ ಕೆಲಸ, ಆ ಅಂಕಿಯನ್ನ ಪರದೆ ಮೇಲೆ ತೋರಿಸೋ ಕೆಲಸ, ಎರಡೂ ಒಂದೇ ಚಿಪ್ಪಿನಲ್ಲಿ. ಹೆಚ್ಚೆಂದ್ರೆ 1999ರ ತನಕ ಎಣಿಸುತ್ತೆ. ಅದೇ ಹೊತ್ತಿಗೆ, 1977ರಲ್ಲಿ, ಫ್ಲೂಕ್ ಕಂಪನಿಯ 8020ಎ ಅನ್ನೋ ಕೈಯಲ್ಲಿ ಹಿಡಿಯೋ ಡಿಜಿಟಲ್ ಮೀಟರ್ ಬಂತು. ಅದು ವೃತ್ತಿಯವರದ್ದು. ಇತ್ತ 7106 ಚಿಪ್ಪು, ಅದರ ನಕಲುಗಳು ಅಗ್ಗವಾಗ್ತಾ ಆಗ್ತಾ ಚೀನಾದಿಂದ ಹಳದಿ ಡಬ್ಬಿಗಳು ಬಂದವು. ನಾನು ಕಾಮರ್ಸ್ ಹುಡುಗ, ಇದನ್ನ ನಾನು ಹೀಗೆ ಓದ್ತೀನಿ: ಅಳತೆ ಅಗ್ಗವಾಯ್ತು, ರಕ್ಷಣೆ ಅಗ್ಗವಾಗಲಿಲ್ಲ. ಚಿಪ್ಪಿನ ಬೆಲೆ ಇಳೀತು. ಆದ್ರೆ ಮರಳು ತುಂಬಿದ ಪಿಂಗಾಣಿ ಫ್ಯೂಸು, ದಪ್ಪ ಪ್ಲಾಸ್ಟಿಕ್ಕು, ಒಳಗಿನ ತಾಮ್ರದ ಗೆರೆಗಳ ನಡುವೆ ಬೇಕಾದಷ್ಟು ಅಂತರ, ಇವೆಲ್ಲ ದುಡ್ಡು ಕೇಳೋ ವಸ್ತುಗಳು. 250 ರೂಪಾಯಿಯ ಬೆಲೆಪಟ್ಟಿ ಬೇಕಾದಾಗ ಮೊದಲು ಹೋಗಿದ್ದು ಅವೇ. ಖರೀದಿಗೆ ಉಳಿದ ಹಣ ಅಪಾಯದ ಖಾತೆಗೆ ಜಮಾ. ಆ ಖಾತೆ ಯಾರ ಹೆಸರಲ್ಲಿದೆ ಅಂದ್ರೆ, ಕೊಂಡವನ ಹೆಸರಲ್ಲಿ.

ಈಗ ಕಾಕಾನ ದಿನಕ್ಕೆ ಬರ್ತೀನಿ.

ಮುಂಜಾನೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿರಲಿಲ್ಲ. ಬ್ಯಾಟರಿ ಎಲ್ಲಿ ಸೋರ್ತಿದೆ ಅಂತ ನೋಡೋಕೆ ಕಾಕಾ ಮೀಟರಿನ ಕೆಂಪು ವೈರನ್ನ 10 ಆಂಪಿಯರ್ ತೂತಿಗೆ ಹಾಕಿ ನೋಡಿದ್ದರು. ತಪ್ಪೇನಿಲ್ಲ, 12 ವೋಲ್ಟಿನ ಕೆಲಸ. ಸಂಜೆ ಮೋಟಾರು ಎತ್ತಲಿಲ್ಲ, ಗುಂಯ್ ಅಂತ ನಿಂತುಬಿಡ್ತು. ಒಂದು ಫೇಸ್ ಹೋಗಿರಬೇಕು ಅಂತ ಸ್ಟಾರ್ಟರ್ ಬಾಗಿಲು ತೆಗೆದರು. ಮೀಟರಿನ ತಿರುಗಣಿಯನ್ನ ಸರಿಯಾಗಿ 750 ಎಸಿ ವೋಲ್ಟಿಗೇ ತಿರುಗಿಸಿದರು. ಆದ್ರೆ ಕೆಂಪು ವೈರು ಮುಂಜಾನೆಯ ತೂತಿನಲ್ಲೇ ಇತ್ತು. ಇಂಥ ಮೀಟರಿನಲ್ಲಿ ಆ ತೂತಿಗೆ ವೈರು ಹಾಕಿದ್ರೆ ತಿರುಗಣಿ ಎಲ್ಲೇ ಇರಲಿ, ಒಳಗೆ ಒಂದು ದಪ್ಪ ತಂತಿಯ ಮೂಲಕ ಕೆಂಪಿನಿಂದ ಕರಿಗೆ ನೇರ ದಾರಿ. ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಸಣ್ಣಗೆ ಅಚ್ಚಾಗಿದೆ, "ಅನ್‌ಫ್ಯೂಸ್ಡ್" ಅಂತ. ಅಂದ್ರೆ ಈ ದಾರಿಗೆ ಫ್ಯೂಸ್ ಇಲ್ಲ. ಕಾಕಾ ಏಳನೇ ಇಯತ್ತೆ ಓದಿದವರು. ನಾನು ಡಿಗ್ರಿ ಮಾಡಿದವನು, ನಾನೂ ಅದನ್ನ ಓದಿರಲಿಲ್ಲ.

ಎರಡು ಕಡ್ಡಿ ಎರಡು ಫೇಸಿಗೆ ತಾಗಿದವು. ಕಾಕಿ ಗುಡಿಸಲಲ್ಲಿದ್ದರು, ಪಟಾಕಿ ಹಾರಿದಂಗಾತು ಅಂತಾರೆ. ಅಂಗೈ, ಮೂರು ಬೆರಳು ಸುಟ್ಟಿದ್ದವು, ಹುಬ್ಬು ಸುಟ್ಟಿತ್ತು. ಡಬ್ಬಿಯ ಬಾಗಿಲು ಬೀಳದಂಗೆ ಹಿಡಿಯೋಕೆ ಅದೇ ಗಳಿಗೆಗೆ ಮುಖ ಪಕ್ಕಕ್ಕೆ ತಿರುಗಿಸಿದ್ದರು, ಅದಕ್ಕೆ ಕಣ್ಣು ಉಳೀತು. ಯೋಜನೆ ಮಾಡಿ ಅಲ್ಲ. ಸುಮ್ಮನೆ ಆದದ್ದು.

ಟಿಸಿಯಲ್ಲಿ ಫ್ಯೂಸ್ ಹೋಗಬೇಕಿತ್ತಲ್ಲ ಅಂತ ಕೇಳ್ತೀರಿ. ನಮ್ಮ ಕಡೆ ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್. ಅಲ್ಲಿ ಫ್ಯೂಸಿನ ಜಾಗದಲ್ಲಿ ಇದ್ದದ್ದು ಅಲ್ಯೂಮಿನಿಯಂ ತಂತಿಯ ಎಳೆಗಳು. ಪದೇ ಪದೇ ಫ್ಯೂಸ್ ಹೋದ್ರೆ ರಾತ್ರಿ ನೀರು ತಪ್ಪುತ್ತೆ ಅಂತ ರೈತರೇ ದಪ್ಪಗೆ ಕಟ್ಟಿದ್ದು. ಯಾರು ಅಂತ ಕೇಳಿದ್ರೆ ಯಾರೂ ಅಲ್ಲ, ಎಲ್ಲರೂ. ಕೊನೆಗೆ ಫ್ಯೂಸಿನ ಕೆಲಸ ಮಾಡಿದ್ದು ಮೀಟರಿನ ತೆಳು ವೈರು, ಕಾಕಾನ ಮುಷ್ಟಿಯೊಳಗೆ ಉರಿದು ಹೋಗಿ.

ಆಮೇಲೆ ಒಬ್ಬ ಎಂಜಿನಿಯರ್ ಗೆಳೆಯನ ಹತ್ತಿರ ಕೂತು ಲೆಕ್ಕ ಹಾಕಿದೆ. 100 ಕೆವಿಎ ಟಿಸಿ ಪೂರ್ತಿ ಲೋಡಿನಲ್ಲಿ ಕೊಡೋದು ಫೇಸಿಗೆ ಸುಮಾರು 133 ಆಂಪಿಯರ್. ಅದರ ಇಂಪೀಡೆನ್ಸ್ 4.5 ಪರ್ಸೆಂಟ್ ಅಂತ ಹಿಡಿದ್ರೆ, ಟಿಸಿಯ ಬುಡದಲ್ಲೇ ಮೂರೂ ಫೇಸ್ ಶಾರ್ಟ್ ಆದಾಗ ಹರಿಯೋದು ಹತ್ತಿರ ಹತ್ತಿರ 3000 ಆಂಪಿಯರ್. ಹೊಲದ ತನಕ ವೈರು ಉದ್ದ ಆದಂಗೆ ಇದು ಕಡಿಮೆ ಆಗುತ್ತೆ, ನಿಜ. ಆದ್ರೆ 10 ಆಂಪಿಯರ್ ಅಂತ ಬರೆದ ತೂತಿಗೆ 300 ಬಂದರೂ ಅದು ಮೀಟರಲ್ಲ, ಬೆಂಕಿ. ತಾಮ್ರ ಆವಿಯಾಗುತ್ತೆ, ಆ ಆವಿಯೇ ಕರೆಂಟಿಗೆ ದಾರಿ ಆಗುತ್ತೆ.

ಈ ಅನಾಹುತವನ್ನ ಜಗತ್ತು ಮೊದಲೇ ಯೋಚಿಸಿರಲಿಲ್ವಾ? ಯೋಚಿಸಿತ್ತು. 1906ರಲ್ಲಿ ಹುಟ್ಟಿದ, ಈಗ ಜಿನೀವಾದಲ್ಲಿರೋ ಐಇಸಿ ಅನ್ನೋ ಸಂಸ್ಥೆ ವಿದ್ಯುತ್ ಸಾಧನಗಳಿಗೆ ಜಾಗತಿಕ ನಿಯಮ ಬರೆಯುತ್ತೆ. ಮೊದಲು 348 ನಂಬರಿನ ನಿಯಮ ಇತ್ತು. 1980ರ ದಶಕದ ಕೊನೆಗೆ ಅದರ ಜಾಗಕ್ಕೆ 1010 ಅನ್ನೋದು ಬಂತು, ಅದನ್ನೇ ಈಗ 61010 ಅಂತಾರೆ. ಹೊಸ ನಿಯಮದ ತಿರುಳು ಏನಂದ್ರೆ, ಮೀಟರು ಎಷ್ಟು ವೋಲ್ಟ್ ತಡೆಯುತ್ತೆ ಅನ್ನೋದಷ್ಟೇ ಸಾಲದು, ಅದನ್ನ ಎಲ್ಲಿ ಇಡ್ತೀರಿ ಅನ್ನೋದೂ ಮುಖ್ಯ. ಲೈನಿನಲ್ಲಿ ಯಾವಾಗಲೂ 415 ಇರಲ್ಲ. ದೂರದಲ್ಲಿ ಸಿಡಿಲು ಬಿದ್ದಾಗ, ದೊಡ್ಡ ಮೋಟಾರು ಬಂದ್ ಆದಾಗ, ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು ಸಾವಿರಾರು ವೋಲ್ಟಿನ ಜಿಗಿತ ಬರುತ್ತೆ. ಮೇ ತಿಂಗಳ ಅಡ್ಡಮಳೆ, ಗುಡುಗು ಸಿಡಿಲು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ಜಾಗಗಳನ್ನ ವರ್ಗ ಮಾಡಿದರು. ಮೀಟರಿನ ಮೇಲೆ ಇಂಗ್ಲಿಷಿನಲ್ಲಿ ಕ್ಯಾಟ್ ಅಂತ ಬರೆದು ಪಕ್ಕದಲ್ಲಿ ರೋಮನ್ ಅಂಕಿ ಇರುತ್ತೆ. ಕ್ಯಾಟ್ 2 ಅಂದ್ರೆ ಮನೆಯ ಸಾಕೆಟ್ಟಿಗೆ ಸಿಗಿಸೋ ಮಿಕ್ಸರ್, ಟಿವಿ. ಕ್ಯಾಟ್ 3 ಅಂದ್ರೆ ಪ್ಯಾನೆಲ್ ಬೋರ್ಡು, ಸ್ಟಾರ್ಟರು, ತ್ರೀ ಫೇಸ್ ಮೋಟಾರು, ಗಂಗಾವತಿಯ ರೈಸ್ ಮಿಲ್ಲು. ಕ್ಯಾಟ್ 4 ಅಂದ್ರೆ ಕಂಬದಿಂದ ಇಳಿದ ಜಾಗ, ಬಿಲ್ಲಿನ ಮೀಟರು, ಹೊರಗಿನ ಲೈನು. ಮೀಟರ್ ಕಂಪನಿಗಳು ಕೊಡೋ ಕ್ಯಾಟ್ 4ರ ಉದಾಹರಣೆಗಳಲ್ಲಿ ಬಾವಿಯ ಪಂಪಿಗೆ ಹೋಗೋ ಲೈನೂ ಇದೆ. ಅದನ್ನ ಓದಿದಾಗ ನನಗೆ ಮೈ ಜುಂ ಅಂತು. ನಾವು ಮನೆಯ ಮಿಕ್ಸರಿಗೂ ಯೋಚಿಸಿ ಬಳಸಬೇಕಾದ ಮೀಟರನ್ನ ಪಟ್ಟಿಯ ತುತ್ತತುದಿಯ ಜಾಗದಲ್ಲಿ ಇಟ್ಟಿದ್ದೆವು.

ಇನ್ನೊಂದು ಮೋಸ ಇದೆ, ಸ್ವಲ್ಪ ಗಮನ ಕೊಡ್ರಿ. ಒಂದು ಮೀಟರ್ ಕ್ಯಾಟ್ 2, 1000 ವೋಲ್ಟ್. ಇನ್ನೊಂದು ಕ್ಯಾಟ್ 3, 600 ವೋಲ್ಟ್. ಯಾವುದು ಗಟ್ಟಿ? ನಾನಂತೂ 1000 ದೊಡ್ಡದು ಅಂತ ಹೇಳ್ತಿದ್ದೆ. ಎರಡನ್ನೂ ಪರೀಕ್ಷೆಯಲ್ಲಿ 6000 ವೋಲ್ಟಿನ ಜಿಗಿತಕ್ಕೇ ಒಡ್ಡುತ್ತಾರೆ. ಆದ್ರೆ ಕ್ಯಾಟ್ 2ಕ್ಕೆ ಆ ಜಿಗಿತ 12 ಓಮಿನ ಹಿಂದಿನಿಂದ ಬರುತ್ತೆ, ಅಂದ್ರೆ ಹೆಚ್ಚೆಂದ್ರೆ 500 ಆಂಪಿಯರ್. ಕ್ಯಾಟ್ 3ಕ್ಕೆ ಬರೀ 2 ಓಮ್, ಅಂದ್ರೆ 3000 ಆಂಪಿಯರ್. ಆರು ಪಟ್ಟು. ನಮ್ಮ ಟಿಸಿಯ ಬುಡದ ಅಂಕಿಯೂ ಅಷ್ಟರಲ್ಲೇ ಇತ್ತಲ್ಲ. ಹಾಗಾಗಿ ಮೊದಲು ಕ್ಯಾಟ್ ಅಂಕಿ ನೋಡಿ, ಆಮೇಲೆ ವೋಲ್ಟ್ ನೋಡಿ.

ಇಷ್ಟು ಓದಿಕೊಂಡು ಗಂಗಾವತಿಯ ಒಂದು ಅಂಗಡಿಗೆ ಹೋದೆ. "ಅಣ್ಣಾರ, ಕ್ಯಾಟ್ ತ್ರೀ ಮೀಟರ್ ಐತೇನ್ರಿ?" ಅಂದೆ. ಅಂಗಡಿಯವರು ನಕ್ಕರು. "ಎಲ್ಲಾದರ ಮ್ಯಾಲೂ ಬರದಿರ್ತಾರ ತಮ್ಮಾ. ಬರಿಯಾಕ ಏನ್ ರೊಕ್ಕ ಬೀಳ್ತೈತೇನು?" ನಾನು ಓದಿದ ಯಾವ ಪಾಠವೂ ಇಷ್ಟು ನೇರವಾಗಿ ಹೇಳಿರಲಿಲ್ಲ. ನಿಜಕ್ಕೂ ಅವರು ತೆಗೆದು ತೋರಿಸಿದ ಮೂರು ಮೀಟರಿನಲ್ಲಿ ಒಂದರ ಮೇಲೆ ಕ್ಯಾಟ್ 3, 1000 ವೋಲ್ಟ್ ಅಂತಿತ್ತು, ಅದರ ಕೆಳಗೇ ಅನ್‌ಫ್ಯೂಸ್ಡ್ ಅಂತಲೂ ಇತ್ತು. ಹೆಲ್ಮೆಟ್ ಅಂತ ಹೆಸರಿಟ್ಟು ಟೊಪ್ಪಿಗೆ ಮಾರಿದಂಗೆ.

ಹಾಗಾದ್ರೆ ನಂಬೋದು ಯಾವುದನ್ನ? ಐಇಸಿ ನಿಯಮ ಬರೆಯುತ್ತೆ ಅಷ್ಟೇ, ಮೀಟರ್ ಪರೀಕ್ಷೆ ಮಾಡಿ ಮುದ್ರೆ ಒತ್ತಲ್ಲ. ಸಿಇ ಅನ್ನೋ ಗುರುತು ತಯಾರಕ ತಾನೇ ಮಾಡಿಕೊಳ್ಳೋ ಘೋಷಣೆ. ಯುಎಲ್, ಟಿಯುವಿ, ವಿಡಿಇ, ಸಿಎಸ್‌ಎ ಇಂಥವು ಹೊರಗಿನ ಪ್ರಯೋಗಾಲಯದವು, ಅವಕ್ಕೆ ತೂಕ ಹೆಚ್ಚು. ಗುರುತಿನ ನಕಲೂ ಮಾಡ್ತಾರೆ, ಅದಕ್ಕೆ ಡಬ್ಬಿಯನ್ನೂ ನೋಡಬೇಕು. ಹಿಂದಿನ ಮುಚ್ಚಳ ತೆಗೆಸಿ ಫ್ಯೂಸ್ ನೋಡಿ. ಒಳಗಿನ ತಂತಿ ಕಾಣೋ ಪುಟ್ಟ ಗಾಜಿನ ಕೊಳವೆ, ಅದರ ಮೇಲೆ 250 ವೋಲ್ಟ್ ಅಂತಿದ್ರೆ 415ರ ಹತ್ತಿರ ಅದಕ್ಕೇನು ಕೆಲಸ? ಬೇಕಾದ್ದು ಮರಳು ತುಂಬಿದ ದಪ್ಪ ಪಿಂಗಾಣಿ ಫ್ಯೂಸು, ಮೀಟರಿನಷ್ಟೇ ವೋಲ್ಟಿನದ್ದು. ವೈರು, ಕಡ್ಡಿಗಳ ಮೇಲೂ ಕ್ಯಾಟ್ ಅಂಕಿ ಇರಬೇಕು. ಮೀಟರ್ ಕ್ಯಾಟ್ 3 ಆಗಿದ್ದು ವೈರು ಕ್ಯಾಟ್ 2 ಆದ್ರೆ ಒಟ್ಟು ಲೆಕ್ಕ ಕ್ಯಾಟ್ 2. ಕಡ್ಡಿಯ ಬೆತ್ತಲೆ ತುದಿ ಉದ್ದ ಇದ್ದಷ್ಟೂ ಜಾರಿ ಎರಡು ಫೇಸಿಗೆ ಒಟ್ಟಿಗೆ ತಾಗೋ ಅವಕಾಶ ಹೆಚ್ಚು. ಕ್ಯಾಟ್ 3, 4ರ ಕಡ್ಡಿಗಳಲ್ಲಿ ತುದಿ ಬರೀ 4 ಮಿಲಿಮೀಟರಿನಷ್ಟು ಹೊರಗೆ ಕಾಣುತ್ತೆ, ಉಳಿದದ್ದಕ್ಕೆ ಮುಸುಕು.

ಸೋಲಾರ್ ಪಂಪ್ ಹಾಕಿಸ್ತಿರೋ ಕುಷ್ಟಗಿ ಕಡೆಯವರಿಗೆ ಒಂದು ಮಾತು. ಪ್ಯಾನೆಲ್ಲಿನಿಂದ ಬರೋದು ಡಿಸಿ, ನೂರಾರು ವೋಲ್ಟು. ಎಸಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ, ಆಗ ಕಿಡಿ ಆರೋ ಅವಕಾಶ ಇರುತ್ತೆ. ಡಿಸಿ ಸೊನ್ನೆ ಮುಟ್ಟಲ್ಲ, ಹತ್ತಿದ ಕಿಡಿ ಹತ್ತಿಕೊಂಡೇ ಇರುತ್ತೆ. ಮೀಟರೂ ಅದರ ಫ್ಯೂಸೂ ಅಷ್ಟು ಡಿಸಿ ವೋಲ್ಟಿಗೆ ಅಂತ ಬರೆದಿದ್ದರೆ ಮಾತ್ರ ಹತ್ತಿರ ಹೋಗ್ರಿ.

ನಾನು ಕೊನೆಗೆ ತಂದದ್ದು ಮಲ್ಟಿಮೀಟರೇ ಅಲ್ಲ, ಕ್ಲ್ಯಾಂಪ್ ಮೀಟರ್. ಹಳೆ ಎಲೆಕ್ಟ್ರಿಷಿಯನ್ನರು ಟಾಂಗ್ ಟೆಸ್ಟರ್ ಅಂತಾರೆ. ಇಕ್ಕಳದ ಥರ ಬಾಯಿ ತೆಗೆದು ವೈರನ್ನ ಸುತ್ತುವರಿದ್ರೆ ಸಾಕು, ಆಂಪಿಯರ್ ಹೇಳುತ್ತೆ, ವೈರು ಬಿಚ್ಚೋದೇ ಬೇಡ. ನಾನು ಆರಿಸಿದ್ದರಲ್ಲಿ ಕೆಳಗೆ ಎರಡೇ ತೂತು. ಆಂಪಿಯರ್ ತೂತೇ ಇಲ್ಲದಿದ್ರೆ ಕೆಂಪು ವೈರು ತಪ್ಪು ತೂತಿನಲ್ಲಿ ಉಳಿಯೋ ಮಾತೂ ಇಲ್ಲ. ರೈತನ ಕೈಗೆ ಇದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಎಂಜಿನಿಯರ್ ಗೆಳೆಯರು ಬೇರೆ ಹೇಳಬಹುದು, ಹೇಳಲಿ. ಬೆಲೆ ಹಳದಿ ಡಬ್ಬಿಯ ಹತ್ತು ಪಟ್ಟು ದಾಟಿತು. ಆಸ್ಪತ್ರೆಯ ಬಿಲ್ಲು ಅದಕ್ಕಿಂತ ಎಷ್ಟೋ ಹೆಚ್ಚಿತ್ತು.

ಮೀಟರಿನ ಮಾತಾಡೋವಾಗ ಅದು ಎಲ್ಲಿ ನಿಲ್ಲಬೇಕು ಅನ್ನೋದೂ ಹೇಳಬೇಕು. 2019ರ ಆಗಸ್ಟ್ 18, ಭಾನುವಾರ. ಕೊಪ್ಪಳದ ಒಂದು ಹಾಸ್ಟೆಲ್ಲಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಧ್ವಜದ ಕಂಬ ತೆಗೆಯೋವಾಗ ಅದು ಪಕ್ಕದ ವಿದ್ಯುತ್ ತಂತಿಗೆ ತಾಗಿ ಐವರು ವಿದ್ಯಾರ್ಥಿಗಳು ತೀರಿಕೊಂಡರು. ಅವತ್ತು ಈ ಊರಿನಲ್ಲಿದ್ದವರು ಯಾರೂ ಅದನ್ನ ಮರೆತಿಲ್ಲ. ಅಲ್ಲಿ ಯಾವ ಮೀಟರೂ ಇರಲಿಲ್ಲ, ಇದ್ದಿದ್ರೂ ಏನೂ ಮಾಡ್ತಿರಲಿಲ್ಲ. 11 ಸಾವಿರ ವೋಲ್ಟಿನ ಲೈನಿಗೆ ಕ್ಯಾಟ್ 4ರ ಮೀಟರೂ ಅಲ್ಲ, ಟೆಸ್ಟರೂ ಅಲ್ಲ, ಟಿಸಿಯ ಮೇಲಿನ ಭಾಗಕ್ಕೆ ನಮ್ಮ ಕೈಯಲ್ಲಿರೋ ಏನೂ ಅಲ್ಲ. ಅದು ಜೆಸ್ಕಾಂನವರ ಕೆಲಸ. ಅವರು ಬರೋದು ತಡ ಆಗುತ್ತೆ ಅಂತ ಹತ್ತಿದವರ ಕಥೆ ನಿಮ್ಮೂರಲ್ಲೂ ಒಂದಿರುತ್ತೆ.

ಇನ್ನು ಬಲ್ಬಿನ ಬಾಕಿ. ಕಾಕಾಗೆ ಹೊಸ ಮೀಟರ್ ಕೊಟ್ಟ ವಾರದಲ್ಲೇ ಫೋನ್ ಬಂತು. "ತಮ್ಮಾ, ಫ್ಯೂಸ್ ತಗದೀನಿ, ಆದ್ರೂ ಈ ನಿನ್ನ ಮೀಟರ್ ತೊಂಬತ್ತ ತೋರಸಾಕತ್ತೈತಿ. ಬಲ್ಬ್ ಹತ್ತವಲ್ದು. ಯಾವದನ್ನ ನಂಬ್ಲಿ?" ನನಗೆ ಉತ್ತರ ಗೊತ್ತಿರಲಿಲ್ಲ, ಮತ್ತೆ ಗೆಳೆಯನ ಹತ್ತಿರ ಓಡಿದೆ. ಕೇಬಲ್ಲಿನೊಳಗೆ ಪಕ್ಕಪಕ್ಕ ಹೋಗೋ ವೈರುಗಳಲ್ಲಿ ಒಂದನ್ನ ಬಿಡಿಸಿದ್ರೂ ಪಕ್ಕದ ವೈರಿನ ಪ್ರಭಾವದಿಂದ ಅದರಲ್ಲಿ ಭೂತದಂಥ ವೋಲ್ಟ್ ಇರುತ್ತೆ. ಬಲ ಇಲ್ಲ, ಬರೀ ತೋರಿಕೆ. ಡಿಜಿಟಲ್ ಮೀಟರಿನ ಗೋಡೆ ಅಷ್ಟು ದೊಡ್ಡದು, ಸಾಮಾನ್ಯವಾಗಿ ಒಂದು ಕೋಟಿ ಓಮ್, ಹಾಗಾಗಿ ಆ ತೋರಿಕೆಯನ್ನೂ ಅಳೆದುಬಿಡುತ್ತೆ. ಬಲ್ಬು ಕರೆಂಟು ಎಳೆಯುತ್ತೆ, ಎಳೆದ ತಕ್ಷಣ ಭೂತ ಮಾಯ. ಇದಕ್ಕೇ ಕೆಲವು ಮೀಟರಿನಲ್ಲಿ ಲೋ-ಝೀ ಅಂತ ಒಂದು ಆಯ್ಕೆ ಇರುತ್ತೆ, ಅದು ಬಲ್ಬಿನ ಗುಣವನ್ನ ಮೀಟರಿಗೆ ಕೊಡುತ್ತೆ. ಕಾಕಾನ ಮೀಟರಿನಲ್ಲೂ ಇತ್ತು, ನಾನೇ ನೋಡಿರಲಿಲ್ಲ. ನೂರು ವರ್ಷ ಸುಧಾರಿಸಿದ ಯಂತ್ರ ತಿರುಗಿ ಬಂದು ಬಲ್ಬಿನ ಹತ್ತಿರ ಒಂದು ಪಾಠ ಕಲಿತಿತ್ತು.

ಆದ್ರೆ ಬಲ್ಬೂ ಸುಳ್ಳು ಹೇಳುತ್ತೆ, ಒಳಗಿನ ತಂತಿ ಹರಿದಾಗ. ಮೀಟರೂ ಹೇಳುತ್ತೆ, ವೈರು ಒಳಗೆ ಕಡಿದಾಗ ಅಥವಾ ಸೆಲ್ಲು ಸತ್ತಾಗ. ಅದಕ್ಕೆ ವೃತ್ತಿಯವರ ಪದ್ಧತಿ ಮೂರು ಸಲ. ಮೊದಲು ಕರೆಂಟು ಇದೆ ಅಂತ ಖಾತ್ರಿ ಇರೋ ಜಾಗದಲ್ಲಿ ಮೀಟರ್ ತೋರಿಸುತ್ತಾ ನೋಡೋದು. ಆಮೇಲೆ ಕೈ ಹಾಕಬೇಕಾದ ಜಾಗದಲ್ಲಿ ಇಲ್ಲ ಅಂತ ನೋಡೋದು. ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಜೀವಂತ ಇದೆಯಾ ಅಂತ ನೋಡೋದು. ನಾನು ಇದನ್ನ ಕಾಕಾಗೆ ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದರು. "ಮಳಿ ಬರೂ ಮುಂದ ಮೂರ್ ಸಲ ಮುಗಲ ನೋಡೂದಿಲ್ಲೇನು, ಹಂಗ," ಅಂದರು.

ಮೊನ್ನೆ ಊರಿಗೆ ಹೋಗಿದ್ದೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತು. ಕಾಕಾ ಎದ್ದರು, ಚಪ್ಪಲಿ ಬಿಟ್ಟು ನಾನು ತಂದ ರಬ್ಬರ್ ಬೂಟು ಹುಡುಕಿ ಹಾಕ್ಕೊಂಡರು, ಬೈಕೊಂತಲೇ. ಒಂದು ಕೈಯಲ್ಲಿ ಮೀಟರು, ಇನ್ನೊಂದು ಹೆಗಲ ಮೇಲೆ ಎರಡು ಬಲ್ಬಿನ ಅದೇ ಹಳೆ ಟೆಸ್ಟ್ ಲ್ಯಾಂಪು. ಸುಟ್ಟ ಮೂರು ಬೆರಳು ಇನ್ನೂ ಪೂರ್ತಿ ಮಡಿಚಲ್ಲ. ಅದಕ್ಕೆ ಈಗ ಟಾರ್ಚ್ ಹಿಡಿಯೋದು ಕಾಕಿಯ ಕೆಲಸ.